ಮೊಮ್ಮಕ್ಕಳ ಗೋ-ಕಾರ್ಟ್‌ಗೆ ಎಂಜಿನ್ ಕೂರಿಸಲು ಕೊಡುವ ಮೊದಲು ಇದನ್ನು ಓದಿ

ದಾವಣಗೆರೆ, ಹರಿಹರ, ಚನ್ನಗಿರಿ ಕಡೆ ಯಾರಾದರೂ ಮೊಮ್ಮಕ್ಕಳಿಗೆ ಅಂತ ಗೋ-ಕಾರ್ಟ್ ಮಾಡುತ್ತಿದ್ದರೆ, ಅಥವಾ ವರ್ಕ್‌ಶಾಪಿನವರಿಗೆ ಹೇಳಿ ಮಾಡಿಸುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾಲ್ಕು ಚಕ್ರ, ಒಂದು ಸೀಟು, ಒಂದು ಸಣ್ಣ ಎಂಜಿನ್, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆ ಸಣ್ಣ ಎಂಜಿನ್ ಬೇಕೆಂದಾಗ ನಿಲ್ಲದಿದ್ದರೆ, ಮಗುವಿನ ಬೆನ್ನ ಹಿಂದೆ ತಿರುಗುವ, ಎರಡು ಚಕ್ರಗಳನ್ನು ಜೋಡಿಸುವ ಸರಳು ಅಂದರೆ ಆಕ್ಸಲ್‌ಗೆ ಮುಚ್ಚಳ ಇಲ್ಲದಿದ್ದರೆ ಏನಾಗುತ್ತದೆ ಎಂದು ನಾವು ಕಣ್ಣಾರೆ ನೋಡಿದ್ದೇವೆ. ನಮ್ಮ ಮೊಮ್ಮಗಳ ಕಾಲಿನ ಮೇಲೆ ಅದರ ಗುರುತು ಇನ್ನೂ ಇದೆ.

ನಾನು ಹರಿಹರದ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದವನು. ಕಬ್ಬಿಣದ ಕೆಲಸ ಗೊತ್ತು. ಏಳು ವರ್ಷದ ಮೊಮ್ಮಗಳು ಬೆಂಗಳೂರಿನಲ್ಲಿ ಗೋ-ಕಾರ್ಟ್ ಟ್ರ್ಯಾಕ್ ನೋಡಿ ಬಂದಿದ್ದಳು. ಎತ್ತರ ಸಾಲದು ಅಂತ ಅಲ್ಲಿ ಅವಳನ್ನು ಕೂರಿಸಿರಲಿಲ್ಲ. "ಅಜ್ಜಾ, ನೀನು ಮಾಡಿಕೊಡ್ತೀಯಾ?" ಅಂದಳು. ಮೊದಲ ಗೋ-ಕಾರ್ಟ್ ಕೂಡ ಹೀಗೇ ಹುಟ್ಟಿದ್ದು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಅನ್ನುವವರು ಪೈಪ್ ಬೆಸೆದು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವಂಥ ಎಂಜಿನ್ ಇಟ್ಟು ಓಡಿಸಿದ್ದರು. ಇದನ್ನು ಹೇಳಿದ ಮೇಲೆ ಮೊಮ್ಮಗಳು ನನ್ನನ್ನು ಬಿಡಲೇ ಇಲ್ಲ.

ಫ್ರೇಮ್ ನಾನೇ ಮಾಡಿದೆ. ಚೌಕ ಪೈಪ್, ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗಲು ಕಿಂಗ್‌ಪಿನ್, ಸ್ಟೀರಿಂಗ್ ರಾಡ್. ತಲೆ ಮೇಲೆ 8.8 ಎಂದು ಅಚ್ಚು ಇರುವ ಗಟ್ಟಿ ಬೋಲ್ಟ್, ಅದುರಿದರೂ ಸಡಿಲಾಗದ ನೈಲಾಕ್ ನಟ್, ಸ್ಟೀರಿಂಗ್ ಜಾಗದಲ್ಲಿ ನಟ್ ಕಳಚದಂತೆ ಸ್ಪ್ಲಿಟ್ ಪಿನ್. ಮೊಮ್ಮಗಳು ಎಮರಿ ಪೇಪರ್ ಹಿಡಿದು ಪೈಪ್ ಉಜ್ಜಿದಳು. ಹಳದಿ ಬಣ್ಣ ಅವಳ ಆಯ್ಕೆ. ಓಡಿಸಲು ಜಾಗವೂ ಸಿದ್ಧವಿತ್ತು. ಚನ್ನಗಿರಿ ಹತ್ತಿರ ತಮ್ಮನ ತೋಟದಲ್ಲಿ ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳ ಇದೆ. ಸೀಸನ್ ಮುಗಿದ ಮೇಲೆ ಖಾಲಿ ಇರುತ್ತದೆ. ಸುತ್ತ ಗೋಡೆ, ಗಾಡಿಗಳ ಓಡಾಟ ಇಲ್ಲ.

ಎಂಜಿನ್, ಕ್ಲಚ್, ಚೈನ್, ಬ್ರೇಕ್ ಜೋಡಿಸುವ ಕೆಲಸವನ್ನು ಮಾತ್ರ ದಾವಣಗೆರೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಬರೆಯುವುದಿಲ್ಲ. "ಮಕ್ಕಳ ಗಾಡಿ ಬೇಕಾದಷ್ಟು ಮಾಡೀವಿ" ಅಂದಿದ್ದರು. ಅಡಿಕೆ ತೋಟದಲ್ಲಿ ಕಳೆ ಕತ್ತರಿಸಲು ಬಳಸುವ ಬ್ರಷ್ ಕಟರ್‌ನ 52 ಸಿಸಿ ಟೂ-ಸ್ಟ್ರೋಕ್ ಎಂಜಿನ್ ಹಾಕುವುದು ಎಂದಾಯಿತು. ಏನೇನು ಬೇಕು ಎಂದು ಕಾಗದದ ಮೇಲೆ ಚಿತ್ರ ಬಿಡಿಸಿ ಕೊಟ್ಟೆ: ಚೈನ್‌ಗೆ ಪೂರ್ತಿ ಕವರ್, ಹಿಂದಿನ ಆಕ್ಸಲ್ ಮೇಲೆ ತಗಡಿನ ಮುಚ್ಚಳ, ಕಾಲು ತೆಗೆದ ತಕ್ಷಣ ಎಕ್ಸಲೇಟರ್ ಹಿಂದಕ್ಕೆ ಬರುವ ಸ್ಪ್ರಿಂಗ್, ಕೈಗೆ ಸಿಗುವ ಸ್ವಿಚ್, ಸೈಲೆನ್ಸರ್‌ಗೆ ಜಾಲರಿ. ಕವರ್ ಮತ್ತು ಮುಚ್ಚಳವನ್ನು ನಾನೇ ಮಾಡಿ ಫ್ರೇಮ್ ಜೊತೆ ಕೊಟ್ಟಿದ್ದೆ.

"ಗಾಡಿ ರೆಡಿ ಐತಿ, ಮಗೂನ ಕರಕೊಂಡು ಬರ್ರಿ, ಪೆಡಲ್ ಅಳತೆ ನೋಡಬೇಕು" ಅಂತ ಫೋನ್ ಬಂತು. ಅವತ್ತು ದುಗ್ಗಮ್ಮನ ಗುಡಿಗೆ ಹೋಗುವುದಿತ್ತು. ಮೊಮ್ಮಗಳು ಲಂಗ ಹಾಕಿ, ಎರಡು ಜಡೆ ಹೆಣೆಸಿಕೊಂಡಿದ್ದಳು. ಪೆಡಲ್ ಅಳತೆ ತಾನೆ, ಕೊಟ್ಟು ಹಾಗೇ ಹೋಗೋಣ ಅಂತ ಹೊರಟೆವು.

ಗಾಡಿ ನೋಡಿದರೆ ಚೈನ್ ಕವರ್ ಇಲ್ಲ. ಆಕ್ಸಲ್ ಮುಚ್ಚಳವೂ ಇಲ್ಲ. ಎಲ್ಲಿ ಅಂತ ಕೇಳಿದೆ. "ದೊಡ್ಡ ಸ್ಪ್ರಾಕೆಟ್ ಹಾಕಿದ್ವಿ, ಕವರ್‌ಗೆ ಉಜ್ಜುತ್ತಿತ್ತು ಯಜಮಾನ್ರೆ, ತೆಗೆದಿಟ್ಟೀವಿ. ಸಣ್ಣ ಗಾಡಿ, ಏನಾಗಲ್ಲ ಬಿಡ್ರಿ" ಅಂದರು ಮಾಲೀಕರು. ಸ್ಪ್ರಾಕೆಟ್ ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಕವರ್ ಇಲ್ಲದೆ ನಾನು ಒಯ್ಯುವುದಿಲ್ಲ ಎಂದೆ. ಈ ಮಾತು ನಡೆಯುತ್ತಿರುವಾಗಲೇ ಅಲ್ಲಿನ ಹುಡುಗ ಮೊಮ್ಮಗಳನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟರ್ ಹಗ್ಗ ಎಳೆದುಬಿಟ್ಟ. ಯಾರನ್ನೂ ಕೇಳಲಿಲ್ಲ.

ಎಂಜಿನ್ ಹತ್ತಿದ ಕ್ಷಣವೇ ಗಾಡಿ ನುಗ್ಗಿತು. ಮಗು ಪೆಡಲ್ ಮುಟ್ಟಿಯೇ ಇರಲಿಲ್ಲ. ಎದುರಿಗಿದ್ದ ಹಳೇ ಟೈರ್ ರಾಶಿಗೆ ಮೂತಿ ಸಿಕ್ಕಿಕೊಂಡಿತು. ಆದರೆ ಹಿಂದಿನ ಚಕ್ರ ತಿರುಗುತ್ತಲೇ ಇತ್ತು. ಲಂಗದ ಅಂಚು ಆಕ್ಸಲ್‌ಗೆ ಸುತ್ತಿಕೊಂಡು ಅವಳನ್ನು ಪಕ್ಕಕ್ಕೆ, ಕೆಳಕ್ಕೆ ಎಳೆಯತೊಡಗಿತು. ಹುಡುಗ ಓಡಿಹೋಗಿ ಸ್ವಿಚ್ ಒತ್ತಿದ. ಮತ್ತೆ ಮತ್ತೆ ಒತ್ತಿದ. ನಿಲ್ಲಲಿಲ್ಲ. ನಾನು ಎಂಜಿನ್ ಹತ್ತಿರ ಬಿದ್ದು ಎಂಜಿನ್‌ಗೆ ಗಾಳಿ ತಡೆಯುವ ಚೋಕ್ ಲಿವರ್ ಪೂರ್ತಿ ಮುಚ್ಚಿದೆ. ಕೆಮ್ಮಿ ಕೆಮ್ಮಿ ನಿಂತಿತು. ಅಷ್ಟರಲ್ಲಿ ಲಂಗ ಹರಿದಿತ್ತು. ಹರಿದದ್ದೇ ಪುಣ್ಯ. ಬಗ್ಗಿದ್ದರಿಂದ ಅವಳ ಮೀನಖಂಡ ಸೈಲೆನ್ಸರ್‌ಗೆ ಒತ್ತಿ ಸುಟ್ಟಿತು. ಅದಕ್ಕೂ ಮೊದಲು ಅವರು ಓಡಿಸಿ ನೋಡಿದ್ದರಿಂದ ಸೈಲೆನ್ಸರ್ ಆಗಲೇ ಕಾದಿತ್ತು. ಜಾಲರಿಯಂತೂ ಹಾಕಿರಲೇ ಇಲ್ಲ.

ಸುಟ್ಟ ಗಾಯದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿದ್ದವರೊಬ್ಬರು ಪೇಸ್ಟ್ ಹಚ್ಚಿ ಅಂದರು, ಇನ್ನೊಬ್ಬರು ಇಂಕ್ ಅಂದರು. ಎರಡೂ ಬೇಡ. ಅರಿಶಿನ, ಎಣ್ಣೆ, ಐಸ್ ಯಾವುದೂ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಡಾಕ್ಟರ್ ಹತ್ತಿರ ಹೋಗಬೇಕು. ನಲ್ಲಿ ಕೆಳಗೆ ಕಾಲು ಹಿಡಿದು ಕೂತೆವು. ಮಗು ಅಷ್ಟೂ ಹೊತ್ತು ಅತ್ತಳು. ತಣ್ಣೀರು ಹಾಕಿದ್ದು ಒಳ್ಳೆಯದಾಯಿತು ಎಂದು ಡಾಕ್ಟರ್ ಹೇಳಿದರು.

ಗಾಡಿಯನ್ನು ಮನೆಗೆ ತಂದು ಬಿಚ್ಚಿದೆ. ಸಿಕ್ಕಿದ್ದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪುಗಳು ಬೇರೆ ಗಾಡಿಗಳಲ್ಲೂ ಇರಬಹುದು.

ಮೊದಲನೆಯದು ಕ್ಲಚ್. ಈ ಎಂಜಿನ್‌ಗಳಲ್ಲಿ ಕೈಯಿಂದ ಹಿಡಿಯುವ ಕ್ಲಚ್ ಇರುವುದಿಲ್ಲ. ಎಂಜಿನ್ ವೇಗ ಹೆಚ್ಚಿದಾಗ ಕ್ಲಚ್ ಶೂ ಹೊರಕ್ಕೆ ತೆರೆದು ಡ್ರಮ್ಮನ್ನು ಹಿಡಿದು ಚೈನ್ ತಿರುಗಿಸುತ್ತವೆ. ಸ್ಲೋ ರನ್ನಿಂಗ್‌ನಲ್ಲಿ, ಅಂದರೆ ಎಕ್ಸಲೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಅವನ್ನು ಒಳಗೆ ಎಳೆದಿಡುವುದು ಒಂದು ಸಣ್ಣ ಸ್ಪ್ರಿಂಗ್. ನಮ್ಮದರಲ್ಲಿ ಆ ಸ್ಪ್ರಿಂಗ್ ತುಂಡಾಗಿತ್ತು. ಹೊಸ ಎಂಜಿನ್ ದುಡ್ಡು ತೆಗೆದುಕೊಂಡು ಹಳೇ ಕ್ಲಚ್ ಹಾಕಿದ್ದರು. ಸ್ಪ್ರಿಂಗ್ ಇಲ್ಲ ಅಂದರೆ ಎಂಜಿನ್ ಹತ್ತಿದ ಕೂಡಲೇ ಗಾಡಿ ಓಡುತ್ತದೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡ್ ಮೇಲೆ ಎತ್ತಿ ಸ್ಟಾರ್ಟ್ ಮಾಡಿ. ಸ್ಲೋ ರನ್ನಿಂಗ್‌ನಲ್ಲಿ ಚಕ್ರ ತಿರುಗಿದರೆ ಆ ಗಾಡಿಯಲ್ಲಿ ಯಾರನ್ನೂ ಕೂರಿಸಬೇಡಿ.

ಎರಡನೆಯದು ಸ್ವಿಚ್, ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಈ ಎಂಜಿನ್‌ಗೆ ಬ್ಯಾಟರಿ ಇಲ್ಲ. ಫ್ಲೈವೀಲ್‌ನ ಮ್ಯಾಗ್ನೆಟ್ ತಿರುಗುವಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ಪ್ಲಗ್‌ಗೆ ಹೋಗುತ್ತದೆ. ಸ್ವಿಚ್ ಒತ್ತಿದಾಗ ಆ ಕರೆಂಟ್ ಎಂಜಿನ್ನಿನ ಲೋಹದ ಮೈಗೆ ಅರ್ಥ್ ಆಗುತ್ತದೆ, ಕಿಡಿ ನಿಲ್ಲುತ್ತದೆ. ಅಂದರೆ ಸ್ವಿಚ್ಚಿನ ವೈರ್ ಕಿತ್ತರೆ ಎಂಜಿನ್ ನಿಲ್ಲುವುದಿಲ್ಲ. ಆ ವೈರ್ ಕಿತ್ತರೆ ಸ್ವಿಚ್ಚಿನಿಂದ ಅದನ್ನು ನಿಲ್ಲಿಸಲು ಆಗುವುದೇ ಇಲ್ಲ. ಮನೆಯ ಲೈಟ್ ಸ್ವಿಚ್‌ಗೆ ಇದು ಪೂರ್ತಿ ಉಲ್ಟಾ, ಬಹಳ ಜನರಿಗೆ ಇದು ಗೊತ್ತಿಲ್ಲ. ನಮ್ಮ ಗಾಡಿಯಲ್ಲಿ ಅರ್ಥ್ ವೈರನ್ನು ಫ್ರೇಮಿನ ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಬಣ್ಣ ಕೆರೆದಿರಲಿಲ್ಲ. ಕಬ್ಬಿಣಕ್ಕೆ ವೈರ್ ತಾಗಿಯೇ ಇರಲಿಲ್ಲ. ಸ್ವಿಚ್ಚಿನಿಂದ ಎಂಜಿನ್ನಿನ ಮೈಗೆ ನೇರವಾಗಿ ಇನ್ನೊಂದು ವೈರ್ ಎಳೆದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ, ಹತ್ತು ರೂಪಾಯಿಯ ಕೆಲಸ. ಆಮೇಲೆ ಆ ಹುಡುಗನೇ ಹೇಳಿದ: ಸ್ವಿಚ್ ಕೆಲಸ ಮಾಡಲ್ಲ ಅಂತ ಅವರಿಗೆ ಗೊತ್ತಿತ್ತಂತೆ. ಮಧ್ಯಾಹ್ನ ಓಡಿಸಿ ನೋಡಿದಾಗ ಚೋಕ್ ಹಾಕಿಯೇ ನಿಲ್ಲಿಸಿದ್ದರಂತೆ. ಗೊತ್ತಿದ್ದೂ ಏಳು ವರ್ಷದ ಮಗುವನ್ನು ಅದರ ಮೇಲೆ ಕೂರಿಸಿದರು.

ಮೂರನೆಯದು ಬ್ರೇಕ್. ಇದು ಬ್ಯಾಂಡ್ ಬ್ರೇಕ್. ಡ್ರಮ್ ಸುತ್ತ ಪಟ್ಟಿ ಬಿಗಿಯುವಂಥದ್ದು. ಇದು ಒಂದು ದಿಕ್ಕಿನಲ್ಲಿ ತಿರುಗುವಾಗ ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ, ಇನ್ನೊಂದು ದಿಕ್ಕಿಗೆ ಜಾರುತ್ತದೆ. ಇವರು ಉಲ್ಟಾ ಹಾಕಿದ್ದರು. ಎಕ್ಸಲೇಟರ್‌ಗೆ ಎಂಜಿನ್ ಕಡೆಯ ಸ್ಪ್ರಿಂಗ್ ಬಿಟ್ಟರೆ ಪೆಡಲ್‌ಗೆ ಬೇರೆ ಸ್ಪ್ರಿಂಗ್ ಇರಲಿಲ್ಲ.

ಇನ್ನು ವೇಗ. ದೊಡ್ಡ ಸ್ಪ್ರಾಕೆಟ್ ಹಾಕಿದ್ದರಿಂದ ಗಾಡಿ ನಿಧಾನ ಓಡುತ್ತೆ ಅಂತಲೂ ವರ್ಕ್‌ಶಾಪಿನವರು ಹೇಳಿದ್ದರು, ಲೆಕ್ಕ ಹಾಕಿ ನೋಡೋಣ. ಕ್ಲಚ್ ಕಡೆ 7 ಹಲ್ಲು, ಆಕ್ಸಲ್ ಕಡೆ 54 ಹಲ್ಲು. ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗಿದರೆ ಆಕ್ಸಲ್ ಸುಮಾರು 840 ಸುತ್ತು. ಚಕ್ರ 10 ಇಂಚಿನದು, ಒಂದು ಸುತ್ತಿಗೆ 80 ಸೆಂಟಿಮೀಟರ್ ಹೋಗುತ್ತದೆ. ಗಂಟೆಗೆ 40 ಕಿಲೋಮೀಟರ್ ಆಯಿತು. ನೆಲದಿಂದ ಗೇಣಷ್ಟು ಎತ್ತರದಲ್ಲಿ ಕೂತ ಏಳು ವರ್ಷದ ಮಗುವಿಗೆ! ಗಂಟೆಗೆ 15 ಕಿಲೋಮೀಟರ್ ಸಾಕು ಅಂದರೆ ಎಂಜಿನ್ 21 ಸುತ್ತಿಗೆ ಆಕ್ಸಲ್ ಒಂದು ಸುತ್ತು ತಿರುಗಬೇಕು. ಒಂದೇ ಜೊತೆ ಸ್ಪ್ರಾಕೆಟ್‌ನಲ್ಲಿ ಅದು ಆಗುವ ಮಾತಲ್ಲ, ನಡುವೆ ವೇಗ ಇಳಿಸುವ ಇನ್ನೊಂದು ಜೊತೆ ಸ್ಪ್ರಾಕೆಟ್ ಅಥವಾ ಗೇರ್ ಬೇಕು. ನಿಮ್ಮ ಗಾಡಿ ಮಾಡುವವರು ಈ ಲೆಕ್ಕ ಹೇಳಲಾರರು ಅಂದರೆ ಬೇರೆಯವರನ್ನು ಹುಡುಕಿ.

ಕವರ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಗೋ-ಕಾರ್ಟ್‌ನಲ್ಲಿ ಹಿಂದಿನ ಎರಡೂ ಚಕ್ರಕ್ಕೆ ಸೇರಿ ಒಂದೇ ಆಕ್ಸಲ್, ಅದು ಕೂತವರ ಬೆನ್ನಿನ ಹಿಂದೆಯೇ, ಪೂರ್ತಿ ತೆರೆದ ಹಾಗೆ ತಿರುಗುತ್ತದೆ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಗೋ-ಕಾರ್ಟ್ ಓಡಿಸುತ್ತಿದ್ದ ಒಬ್ಬ ಮಹಿಳೆಯ ಕೂದಲು ಸಿಕ್ಕಿಕೊಂಡು ಪ್ರಾಣ ಹೋಯಿತು. 2020ರಲ್ಲಿ ಹೈದರಾಬಾದ್ ಹೊರವಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಹಾಗೇ ತೀರಿಹೋದಳು. ಇಬ್ಬರೂ ದೊಡ್ಡವರು, ದುಡ್ಡು ಕೊಟ್ಟು ಟ್ರ್ಯಾಕಿನಲ್ಲಿ ಓಡಿಸುತ್ತಿದ್ದವರು. ನಮ್ಮ ಮಗುವಿನ ಲಂಗದ ಬದಲು ಜಡೆ ಸಿಕ್ಕಿದ್ದರೆ? ಈ ಯೋಚನೆ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಜಡೆ, ರಿಬ್ಬನ್, ಲಂಗ, ವೇಲು, ಸಡಿಲ ಜುಬ್ಬಾ, ಇವು ಯಾವುವೂ ಈ ಗಾಡಿಯ ಹತ್ತಿರ ಬರಬಾರದು. ಕೂದಲನ್ನು ಗಂಟು ಕಟ್ಟಿ ಅಂಗಿಯ ಒಳಗೆ ಸೇರಿಸಿ, ಆಮೇಲೆ ಮಗುವಿನ ತಲೆಯ ಅಳತೆಯ ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ. ಆಯುಧಪೂಜೆಗೆ ಚೆಂಡುಹೂವಿನ ಹಾರ ಹಾಕಿದರೆ ಓಡಿಸುವ ಮುಂಚೆ ಪೂರ್ತಿ ಬಿಚ್ಚಿ. ಹಾರದ ದಾರ ಸುಲಭವಾಗಿ ಹರಿಯುವುದಿಲ್ಲ.

ಊರ ಹೊರಗಿನ ಹೊಸ ಲೇಔಟ್‌ಗಳಲ್ಲಿ ರಸ್ತೆ ಖಾಲಿ ಇರುತ್ತದೆ, ಅಲ್ಲೇ ಓಡಿಸೋಣ ಅನ್ನುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ, ಮಕ್ಕಳು ಇಂಥ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಲೇಔಟ್ ರಸ್ತೆಯೂ ರಸ್ತೆಯೇ.

ವರ್ಕ್‌ಶಾಪಿನವರು ದುಡ್ಡು ವಾಪಸ್ ಕೊಡಲಿಲ್ಲ. "ಎಂಜಿನ್ ಸ್ಟಾರ್ಟ್ ಆಗೈತಲ್ಲ, ಇನ್ನೇನ್ರಿ" ಅಂದರು. ಬಿಲ್ ಕೊಟ್ಟಿರಲಿಲ್ಲ, ಆದರೆ ಮುಂಗಡವನ್ನು ಫೋನಿನಲ್ಲಿ ಕಳಿಸಿದ್ದರಿಂದ ಅದರ ದಾಖಲೆ ಇದೆ. ನಾನು ಕೊಟ್ಟ ಚಿತ್ರದ ಫೋಟೊ, ಬಿಚ್ಚಿದ ಕ್ಲಚ್‌ನ ಫೋಟೊ, ಡಾಕ್ಟರ್ ಚೀಟಿ ಎಲ್ಲ ಜೋಡಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ತಯಾರಿ ಮಾಡಿದ್ದೇನೆ. ನೀವು ಮಾಡಿಸುವುದಾದರೆ ಕೆಲಸದ ಪಟ್ಟಿ ಬರೆದು ಅದರ ಮೇಲೆ ಅವರ ಸಹಿ ಹಾಕಿಸಿ. ಪೂರ್ತಿ ದುಡ್ಡನ್ನು ಮೊದಲೇ ಕೊಡಬೇಡಿ. ಗಾಡಿ ತರಲು ಹೋಗುವಾಗ ಮಗುವನ್ನು ಮನೆಯಲ್ಲೇ ಬಿಟ್ಟು ಹೋಗಿ, ಅವರು ಏನೇ ಹೇಳಲಿ. ಪೆಡಲ್ ಅಳತೆ ಆಮೇಲೆ ನೋಡಿಕೊಂಡರಾಯಿತು.

ಮೊಮ್ಮಗಳಿಗೆ ಗಾಡಿಯ ಆಸೆ ಹೋಗಿಲ್ಲ. ಎಂಜಿನ್ ಶಬ್ದ ಕೇಳಿದರೆ ಮಾತ್ರ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅದಕ್ಕೇ ಪೆಟ್ರೋಲ್ ಎಂಜಿನ್ ಪೂರ್ತಿ ತೆಗೆದುಹಾಕಿದ್ದೇನೆ. ಈಗ 24 ವೋಲ್ಟ್, 250 ವ್ಯಾಟ್‌ನ ಮೋಟಾರ್ ಕೂರಿಸುತ್ತಿದ್ದೇನೆ. ಇದರಲ್ಲಿ ಸ್ಲೋ ರನ್ನಿಂಗ್ ಅನ್ನುವುದೇ ಇಲ್ಲ, ಸುಡುವ ಸೈಲೆನ್ಸರ್ ಇಲ್ಲ, ಬ್ಯಾಟರಿ ವೈರ್ ಕಳಚಿದರೆ ಮೋಟಾರಿಗೆ ಕರೆಂಟೇ ಹೋಗುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಚೈನ್ ಇದರಲ್ಲೂ ಇದೆ, ಆಕ್ಸಲ್ ಇದರಲ್ಲೂ ತಿರುಗುತ್ತದೆ. ಹಾಗಾಗಿ ಕವರ್‌ಗಳನ್ನು ಹೊಸದಾಗಿ ಮಾಡಿ ಫ್ರೇಮಿಗೇ ವೆಲ್ಡ್ ಮಾಡಿಬಿಟ್ಟಿದ್ದೇನೆ, ಯಾರೂ ಬಿಚ್ಚಿ ತೆಗೆದಿಡುವ ಹಾಗಿಲ್ಲ.