ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ: ಪುಡಿ ಸೂಪರ್, ಗಿರಾಕಿಗಳು ಇನ್ನೂ ಸೂಪರ್

ಎಂ.ಜಿ. ರೋಡಲ್ಲಿ ಕಾಫಿಪುಡಿ ಅಂಗಡಿಗೇನೂ ಬರ ಇಲ್ಲ, ನಾನ್ ಹೇಳ್ತಿರೋದು ಅಲ್ಲೇ ಒಂದು ಕ್ರಾಸಲ್ಲಿರೋ ಸಣ್ಣ ಅಂಗಡಿ, ಹೆಸರು ಹಾಕ್ಬೇಡಿ ಅಂತ ಓನರೇ ಹೇಳಿದಾರೆ. ಎದುರಿಗೇ ಹುರಿದು ಬೀಸಿ ಕೊಡ್ತಾರೆ, ಅರೇಬಿಕಾ ಎಷ್ಟು ರೋಬಸ್ಟಾ ಎಷ್ಟು ಅಂತ ನೀವೇ ಹೇಳ್ಬೋದು, ಚಿಕೋರಿ ಕೇಳಿದ್ರೆ ಮಾತ್ರ ಹಾಕ್ತಾರೆ, ಎಷ್ಟು ಪರ್ಸೆಂಟ್ ಅಂತ ಕವರ್ ಮೇಲೆ ಪೆನ್ನಲ್ಲಿ ಬರೀತಾರೆ. ಪುಡಿಗೆ ಐದಕ್ಕೆ ಐದು.

ಆದ್ರೆ ಮಜಾ ಇರೋದು ಅಲ್ಲಿ ನಿಂತು ನೋಡೋದ್ರಲ್ಲಿ. "ಸ್ಟ್ರಾಂಗ್ ಆಗಿರ್ಬೇಕು, ಚಿಕೋರಿ ಜಾಸ್ತಿ ಹಾಕಿ" ಅಂತ ಯಾರಾದ್ರೂ ಅಂದ್ರೆ ಸಾಕು, ಓನರ್ ಎರಡು ಗ್ಲಾಸ್ ತಣ್ಣೀರು ಇಟ್ಟು ಒಂದಕ್ಕೆ ಚಿಟಿಕೆ ಕಾಫಿಪುಡಿ, ಇನ್ನೊಂದಕ್ಕೆ ಚಿಟಿಕೆ ಚಿಕೋರಿ ಉದುರಿಸ್ತಾರೆ. ಕಾಫೀಲಿ ಎಣ್ಣೆ ಅಂಶ ಇರತ್ತಲ್ಲ, ತೇಲತ್ತೆ. ಚಿಕೋರಿ ಕಂದು ಬಣ್ಣ ಬಿಟ್ಕೊಂಡು ಸೀದಾ ತಳಕ್ಕೆ. "ಇದು ಬೇರು ಸಾರ್, ಕೆಫೀನ್ ಚೂರೂ ಇಲ್ಲ, ಬಣ್ಣ ಕಹಿ ಅಷ್ಟೇ. ಸ್ಟ್ರಾಂಗ್ ಬೇಕಂದ್ರೆ ರೋಬಸ್ಟಾ ತಗೊಳ್ಳಿ, ಅರೇಬಿಕಾಗಿಂತ ಹೆಚ್ಚುಕಮ್ಮಿ ಡಬಲ್ ಕೆಫೀನ್."

ಯಾರಾದ್ರೂ ಒಪ್ತಾರಾ? ಮೊನ್ನೆ ವಯಸ್ಸಾದ ಪ್ಲಾಂಟರ್ ಒಬ್ರು ಗ್ಲಾಸ್ ನೋಡಿ ನಕ್ಕುಬಿಟ್ರು. "ಅಲ್ಲಯ್ಯ, ತೇಲೋದು ಜೊಳ್ಳು, ಮುಳುಗೋದೇ ಗಟ್ಟಿ. ಸಿಪ್ಪೆ ಬಿಡ್ಸೋ ಪಲ್ಪಿಂಗಿಗೆ ಮುಂಚೆ ನೀರಲ್ಲಿ ತೇಲೋ ಹಣ್ಣನ್ನ ಬೇರೆ ತೆಗೀತೀವೋ ಇಲ್ವೋ?" ಏನ್ ಹೇಳ್ತೀರ ಮಾರಾಯ್ರೆ! ಹಣ್ಣಿಗೂ ಸರಿ, ಬಿತ್ತನೆ ಭತ್ತಕ್ಕೂ ಸರಿ, ಪುಡಿಗೆ ಮಾತ್ರ ಅಲ್ಲ. ಗೊತ್ತಿಲ್ದೇ ಆಡಿದ ಮಾತಲ್ಲ ಅದು, ಕಾಫಿ ಬಗ್ಗೆ ಅವ್ರಿಗೆ ಗೊತ್ತಿರೋದು ನಮ್ಮೆಲ್ಲರಿಗಿಂತ ಜಾಸ್ತಿ, ಆ ತಿಳುವಳಿಕೆನೇ ಲಾಯರ್ ಥರ ಅವ್ರ ನಂಬಿಕೆ ಪರ ವಾದಕ್ಕೆ ನಿಂತ್ಕೊಂಡಿತ್ತು. ಅಮೆರಿಕದಲ್ಲಿ 1954ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ಒಂದು ಗುಂಪು ಕಾದು ಕೂತಿತ್ತಂತಲ್ಲ, ಪ್ರಳಯ ಬರ್ಲಿಲ್ಲ, ನಮ್ಮ ನಂಬಿಕೆಯಿಂದ್ಲೇ ಲೋಕ ಉಳೀತು ಅಂದ್ರಂತೆ. ಅದನ್ನ ಒಳಗೇ ಸೇರ್ಕೊಂಡು ಸ್ಟಡಿ ಮಾಡಿದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಇಲ್ಲಿ ಕೌಂಟರ್ ಹತ್ರ ಅರ್ಧ ದಿನ ನಿಂತಿದ್ರೆ ಸಾಕಿತ್ತು.

ಇನ್ನೊಬ್ರು ಅಮ್ಮನ ಕಥೆ ಬೇರೆ. ಗ್ಲಾಸ್ ಕಡೆ ನೋಡ್ಲೇ ಇಲ್ಲ. "ನಮ್ಮತ್ತೆ ಕಾಲದಿಂದ ಇದೇ ಕುಡ್ಕೊಂಡು ಬಂದಿದೀವಿ, ಹಂಗಾದ್ರೆ ಅತ್ತೆ ಮಾಡ್ತಿದ್ದಿದ್ದು ಕಾಫೀನೇ ಅಲ್ವಾ?" ಓನರ್ ಹೇಳಿದ್ದು ಕೆಫೀನ್ ವಿಷ್ಯ, ಅವ್ರಿಗೆ ಕೇಳಿಸಿದ್ದು ಮನೆತನದ ಮರ್ಯಾದೆ ವಿಷ್ಯ, ಇನ್ನು ಗ್ಲಾಸ್ ತೋರ್ಸಿ ಏನ್ ಪ್ರಯೋಜನ. ಹಾಗೆ ನೋಡಿದ್ರೆ ಚಿಕೋರಿ ವಿಷಾನೂ ಅಲ್ಲ ಮೋಸಾನೂ ಅಲ್ಲ, ಮಿಕ್ಸ್ ಪುಡೀಲಿ ಕಾಫಿ 51 ಪರ್ಸೆಂಟ್‌ಗೆ ಕಮ್ಮಿ ಇರಬಾರದು, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಿರ್ಬೇಕು ಅನ್ನೋದಷ್ಟೇ ರೂಲ್ಸು.

ಓನರೂ ಚಾಲಾಕಿ. ಅವತ್ತು ವಾದ ಬೆಳೆಸ್ಲಿಲ್ಲ, "ನಿಮ್ಮನೆ ರುಚಿ ಬಿಡ್ಬೇಡಿ ಅಮ್ಮ" ಅಂದು ಕೇಳಿದಷ್ಟೇ ಚಿಕೋರಿ ಹಾಕಿ ಕೊಟ್ಟು, ಜೊತೆಗೆ ರೋಬಸ್ಟಾ ಜಾಸ್ತಿ ಇರೋ 80:20ರ (ಕಾಫಿ 80, ಚಿಕೋರಿ 20) ಚಿಕ್ಕ ಪೊಟ್ಟಣ ಫ್ರೀ ಕೊಟ್ರು. ಆಯಮ್ಮ ಆಮೇಲೆ ಅದನ್ನೇ ಕೇಳ್ಕೊಂಡು ಬಂದ್ರಂತೆ, "ಆ ಪೊಟ್ಟಣದ ಚಿಕೋರಿ ಭಾರಿ ಸ್ಟ್ರಾಂಗ್ ಕಣ್ರೀ" ಅಂತ!

ಒಂದ್ ಸ್ಟಾರ್ ಕಟ್ ಮಾಡ್ತಿರೋದು ಪಾರ್ಕಿಂಗ್ ಇಲ್ಲ ಅಂತ, ಮತ್ತೆ ಈ ಗ್ಲಾಸ್ ಪ್ರೋಗ್ರಾಂ ಶುರುವಾದ್ರೆ ಹಿಂದೆ ಕ್ಯೂ ಬೆಳೆಯತ್ತೆ. ಫಿಲ್ಟರ್‌ಗೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ತೀರಾ ನೈಸ್ ಬೀಸ್ತಾರೆ, ಡಿಕಾಕ್ಷನ್ ಇಳಿಯಲ್ಲ. ಒಂದೇ ಸಲ ಕೆಜಿಗಟ್ಲೆ ತಗೋಬೇಡಿ, ಘಮ ಹೋಗತ್ತೆ.