ಚಳಿಗೆ ಜಗ್ಗದ "ಹೊಸ" ಅಂಜೂರ ಅಂತ ಕಡ್ಡಿ ಕೊಳ್ಳೋರೇ, ಒಂದು ನಿಮಿಷ ನಿಲ್ಲಿ

ಮೊದಲು ವಿಷಯ ಹೇಳಿಬಿಡ್ತೀನಿ, ಆಮೇಲೆ ನನ್ನ ಗೋಳು. ನೆಡೋಕೆ ಅಂಜೂರದ ಕಡ್ಡಿ ಮಾರೋ ಪೋಸ್ಟು, ಅದರಲ್ಲಿ ಬಿಡಿಸಿದ ಹಣ್ಣನ್ನ ಕೈಯಲ್ಲಿ ಹಿಡಿದಿರೋ ಫೋಟೊ. ಒಳಗೆಲ್ಲ ಕೆಂಪು ಜಾಮ್ ಥರ. ಹಿಡಿದ ಕೈಯ ಹೆಬ್ಬೆರಳ ಉಗುರು ಅರ್ಧ ಕಪ್ಪು, ಸುತ್ತಿಗೆ ಏಟು ಬಿದ್ದ ಹಾಗೆ. ಆ ಫೋಟೊ ಕಂಡರೆ ಕೊಳ್ಳಬೇಡಿ. ಹೆಸರು ಏನೇ ಇರಲಿ, ಕೊಳ್ಳಬೇಡಿ. ನಾನು ಕೊಂಡಾಗ ಅದಕ್ಕೊಂದು ಹೆಸರಿತ್ತು. ಹೋದ ವಾರ ಅದೇ ಫೋಟೊ, ಅದೇ ಉಗುರು, ಬೇರೆ ಹೆಸರು. "ಈಗಷ್ಟೇ ಪತ್ತೆಯಾದ ತಳಿ, ಚಳಿ ಸೀಮೆಗೆ ಹೇಳಿ ಮಾಡಿಸಿದ್ದು, ಆರೇ ಕಡ್ಡಿ ಉಳಿದಿವೆ" ಅಂತ. ನಾಲ್ಕು ವರ್ಷದ ಹಿಂದೆ ನನಗೂ ಆರೇ ಉಳಿದಿದ್ದವು!

ನಾವಿರೋದು ನ್ಯೂಜೆರ್ಸಿಯಲ್ಲಿ. ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣ. ಗಂಜಾಂ ಅಂಜೂರ ತಿಂದ ಬಾಯಿಗೆ ಇಲ್ಲಿನ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ ಅಂಜೂರ ಯಾಕೆ ರುಚಿಸಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸಲ ಹೊರಡೋವಾಗ ಅಮ್ಮ, "ಒಂದು ಕಡ್ಡಿ ಸೀರೆ ಮಡಿಕೆಯಲ್ಲಿ ಇಟ್ಕೊಂಡು ಹೋಗೇ, ಯಾರು ನೋಡ್ತಾರೆ" ಅಂತಾರೆ. ಏರ್‌ಪೋರ್ಟಲ್ಲಿ ನಾಯಿ ನೋಡುತ್ತಮ್ಮಾ. ಪರ್ಮಿಟ್ ಇಲ್ಲದೆ ಗಿಡಗಂಟೆ ತರೋ ಹಾಗಿಲ್ಲ, ಹಾಗಾಗಿ ಆ ದಾರಿ ಬಂದ್.

ಇಲ್ಲಿ ಅಂಜೂರ ಬರೋದೇ ಇಲ್ಲ ಅಂತಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಇಟಾಲಿಯನ್ ಅಜ್ಜ ಇದಾರೆ. ನವೆಂಬರ್ ಬಂತು ಅಂದರೆ ಗಿಡದ ಕೊಂಬೆಗಳನ್ನೆಲ್ಲ ಹಗ್ಗದಲ್ಲಿ ಬಿಗಿದು, ಹಳೇ ಕಂಬಳಿ ಸುತ್ತಿ, ಟಾರ್ಪಾಲು ಕಟ್ಟಿ, ನೆತ್ತಿಗೊಂದು ಬಕೆಟ್ ಬೋರಲು ಹಾಕ್ತಾರೆ. ದೂರದಿಂದ ನೋಡಿದರೆ ಯಾರೋ ಶಾಲು ಹೊದ್ದು ಬಸ್ಸಿಗೆ ಕಾಯ್ತಿದಾರೆ ಅನ್ನಿಸುತ್ತೆ. ಅವರು ನನಗೆ ಕಡ್ಡಿ ಕೊಡ್ತೀನಿ ಅಂದಿದ್ದರು, ಬಿಟ್ಟಿ. ನಾನು ಬೇಡ ಅಂದೆ. ಬಕೆಟ್ಟೇ ಬೇಕಿಲ್ಲದ ತಳಿ ಸಿಗೋವಾಗ ಬಕೆಟ್ ಹಾಕೋ ಗಿಡ ಯಾರಿಗೆ ಬೇಕು ಅಂತ. ಇದನ್ನ ಟೈಪ್ ಮಾಡೋವಾಗಲೂ ಮುಖ ಬಿಸಿ ಆಗ್ತಿದೆ.

ಮಾರಿದವನು ಕ್ಯಾಲಿಫೋರ್ನಿಯಾದಲ್ಲಿರೋ ಕನ್ನಡದವನು. ಹೆಸರು ಹಾಕಲ್ಲ. ಒಂದು ವಾಟ್ಸಾಪ್ ಗುಂಪಲ್ಲಿ ಪರಿಚಯ. ಮೊದಲ ಮೆಸೇಜಿಗೇ "ಅಕ್ಕಾ" ಅಂದ. ನಮ್ಮ ಕಡೆಯ ಕನ್ನಡ, ನಮ್ಮ ಕಡೆಯ ಮಾತು. ಅಲ್ಲೇ ನಾನು ಅರ್ಧ ಮುಳುಗಿದ್ದೆ.

"ಅಕ್ಕಾ, ಇದು ನರ್ಸರಿ ಮಾಲಲ್ಲ. ಬೆಟ್ಟದ ಕಡೆ ಹೋಗಿದ್ದಾಗ ಹಳ್ಳದ ದಡದಲ್ಲಿ ತಾನಾಗೇ ಹುಟ್ಟಿದ ಮರ ಸಿಕ್ತು. ಅಲ್ಲಿ ಸ್ನೋ ಬೀಳುತ್ತೆ. 10 ಡಿಗ್ರಿಗೂ ಜಗ್ಗೋ ಮರ ಅಲ್ಲ." ಇಲ್ಲಿನ ಫ್ಯಾರನ್‌ಹೀಟ್ 10 ಅಂದರೆ ನಮ್ಮ ಲೆಕ್ಕದ ಮೈನಸ್ 12. ನ್ಯೂಜೆರ್ಸಿ ಚಳಿಗಾಲಕ್ಕೆ ಸರಿಯಾಗಿ ಹೊಂದೋ ನಂಬರು. ಯಾವ ವರ್ಷ, ಯಾರು ಅಳೆದರು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಕಡ್ಡಿಗೆ 95 ಡಾಲರು. ಮೂರು ತಗೊಂಡರೆ 240, ಅದೂ "ನಮ್ಮವರು ಅಂತ". ಊರಿನ ಲೆಕ್ಕದಲ್ಲಿ ಆಗ ಹದಿನೇಳು ಸಾವಿರ ರೂಪಾಯಿ ಮೇಲೆ. ಪೆನ್ಸಿಲ್ ಗಾತ್ರದ ಮೂರು ಕಡ್ಡಿಗೆ. ನಮ್ಮನೆಯವರಿಗೆ ನಲವತ್ತು ಡಾಲರು ಅಂದೆ. ಅವರಿಗೆ ನಿಜವಾದ ಲೆಕ್ಕ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ, ಅದು ಬೇರೆ ಕಥೆ. ಪೇಪಾಲಲ್ಲಿ ದುಡ್ಡು ಕಳಿಸೋವಾಗ ಏನಂದ ಗೊತ್ತಾ? "ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಹಾಕಿಬಿಡಿ ಅಕ್ಕಾ, ಸುಮ್ಮನೆ ಫೀ ಯಾಕೆ, ನಾವೇನು ಹೊರಗಿನವರಾ?" ಹಾಕಿದೆ. ಹಾಗೆ ಹಾಕಿದರೆ ಮಾಲು ಸರಿ ಇಲ್ಲ ಅಂತ ದೂರು ಕೊಡೋ ಹಕ್ಕೇ ಹೋಗುತ್ತೆ ಅಂತ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೂ ಹಾಕಿದೆ, ಯಾಕೆಂದರೆ ಅಕ್ಕಾ ಅಂದಿದ್ದ.

ಇದು 2021ರ ಫೆಬ್ರವರಿ. ಒದ್ದೆ ಪಾಚಿಯಲ್ಲಿಟ್ಟು, ಹೀಟರ್ ಹತ್ತಿರ ಇಟ್ಟು, ಹಸುಗೂಸಿನ ಹಾಗೆ ನೋಡಿಕೊಂಡೆ. ಒಂದು ಕೊಳೆಯಿತು, ಅದು ನನ್ನ ತಪ್ಪು, ನೀರು ಜಾಸ್ತಿ ಆಗಿತ್ತು. ಎರಡು ಬೇರು ಬಿಟ್ಟವು. ಒಂದನ್ನ ಕುಂಡದಲ್ಲಿ ಬೆಳೆಸಿದೆ, ಚಳಿಗಾಲಕ್ಕೆ ಗ್ಯಾರೇಜಿಗೆ. ಇನ್ನೊಂದನ್ನ ಮರುವರ್ಷ ನೆಲದಲ್ಲಿ ನೆಟ್ಟೆ, ಜಗ್ಗದ ತಳಿ ಅಲ್ವಾ.

2022ರ ಜೂನ್ ಕೊನೆಗೆ ಕುಂಡದ ಗಿಡದಲ್ಲಿ ಎಲೆಯ ಕಂಕುಳಲ್ಲಿ ಕಡಲೆಕಾಳಿನಷ್ಟು ಕಾಯಿ. ಎಣಿಸಿದೆ, ಹದಿನೇಳು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಒಂದೊಂದನ್ನೇ ತೋರಿಸಿದೆ. ಮೂರು ವಾರಕ್ಕೆ ಗೋಲಿಯಷ್ಟಾದವು. ಆಮೇಲೆ ಒಂದು ಬೆಳಿಗ್ಗೆ ಒಂದು ಕಾಯಿ ಹಳದಿಗೆ ತಿರುಗಿತ್ತು, ಮುಟ್ಟಿದೆ, ಕೈಗೆ ಬಂತು. ಮಾರನೇ ದಿನ ನಾಲ್ಕು. ವಾರದಲ್ಲಿ ಹದಿನೇಳೂ ಕುಂಡದ ಸುತ್ತ. ಕೊಯ್ದು ನೋಡಿದರೆ ಒಳಗೆ ಟೊಳ್ಳು. ರಸ ಇಲ್ಲ, ಸಿಹಿ ಇಲ್ಲ, ಒಣಗಿದ ಹತ್ತಿಯ ಥರ ಏನೋ.

ಮೆಸೇಜ್ ಹಾಕಿದೆ. "ನೀರು ಜಾಸ್ತಿ ಆಗಿದೆ ಅಕ್ಕಾ." ಕಮ್ಮಿ ಮಾಡಿದೆ, ಎಲೆ ಬಾಡಿತು, ಮತ್ತೆ ಕೇಳಿದೆ. "ನೀರು ಕಮ್ಮಿ ಆಗಿದೆ ಅಕ್ಕಾ." ಎಲೆಯಲ್ಲಿ ಹಳದಿ ಮಚ್ಚೆ ಮಚ್ಚೆ ಇದೆಯಲ್ಲಪ್ಪ ಅಂದೆ. "ಎಪ್ಸಮ್ ಸಾಲ್ಟ್ ಹಾಕಿ." ಅದು ಮೊಸಾಯಿಕ್ ವೈರಸ್, ಕಡ್ಡಿಯ ಜೊತೆಯಲ್ಲೇ ಬರುತ್ತೆ, ಉಪ್ಪು ಹಾಕಿದರೆ ಹೋಗಲ್ಲ. ಕೊನೆಗೆ, "ಮೊದಲ ಫಸಲು ಎಲ್ಲಾ ಗಿಡವೂ ಉದುರಿಸುತ್ತೆ ಅಕ್ಕಾ, ಮುಂದಿನ ವರ್ಷ ನೋಡಿ." ಎಳೆ ಗಿಡ ಕಾಯಿ ಉದುರಿಸೋದು ಉಂಟು, ಅದು ಸುಳ್ಳಲ್ಲ. ಅದಕ್ಕೇ ನಂಬಿದೆ.

ಆ ವರ್ಷದ ಕ್ರಿಸ್‌ಮಸ್ ಚಳಿ ಇಲ್ಲಿರೋರಿಗೆ ನೆನಪಿರುತ್ತೆ. ಬೆಳಿಗ್ಗೆ ಮಳೆ, ರಾತ್ರಿ ಹೊತ್ತಿಗೆ ರಸ್ತೆಯೆಲ್ಲ ಗಾಜು. ನೆಲದಲ್ಲಿದ್ದ ನನ್ನ "ಜಗ್ಗದ" ಗಿಡ ಬುಡದವರೆಗೆ ಸತ್ತಿತು. ಕೊಂಬೆ ಕೆರೆದು ನೋಡಿದೆ, ಒಳಗೆ ಹಸಿರಿಲ್ಲ, ಬರೀ ಕಂದು. ಮೇ ಕೊನೆಗೆ ಬೇರಿನಿಂದ ಚಿಗುರು ಬಂತು. ಫೋಟೊ ಕಳಿಸಿದ್ದಕ್ಕೆ ಅವನ ಉತ್ತರ: "ನೋಡಿದ್ರಾ! ಬದುಕಿದೆ! ನಾನು ಹೇಳಿದ್ದೆ!" ಮೂರು ಆಶ್ಚರ್ಯಚಿಹ್ನೆ.

ಬೇರು ಬದುಕೋದು ದೊಡ್ಡ ವಿಷಯ ಅಲ್ಲ ಕಣ್ರೀ. ಇಪ್ಪತ್ತು ಮೂವತ್ತು ಡಾಲರಿಗೆ ಸಿಗೋ ಚಿಕಾಗೋ ಹಾರ್ಡಿ ತಳಿಯೂ ಮೇಲೆ ಸತ್ತು ಬೇರಿನಿಂದ ಚಿಗುರುತ್ತೆ. ಪ್ರಶ್ನೆ ಇರೋದು, ಹಾಗೆ ತಡವಾಗಿ ಚಿಗುರಿದ್ದು ಹಣ್ಣು ಕೊಡುತ್ತಾ ಅಂತ. ಕಾಯಿ ಕಂಡ ಮೇಲೆ ಹಣ್ಣಾಗೋಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ನನ್ನ ನೆಲದ ಗಿಡದಲ್ಲಿ ಕಾಯಿ ಕಂಡಿದ್ದು ಆಗಸ್ಟ್ ಮಧ್ಯಕ್ಕೆ. ಇಲ್ಲಿ ಅಕ್ಟೋಬರಿಗೆ ಹಿಮ. ಲೆಕ್ಕ ನೀವೇ ಹಾಕಿ. ಚಳಿ ಸೀಮೆಗೆ ಬೇಕಿರೋದು ಬೇಗ ಹಣ್ಣಾಗೋ ಗಿಡ, ಬರೀ ಸಾಯದ ಗಿಡ ಅಲ್ಲ. ಅವನ ಪುಟಗಟ್ಟಲೆ ಬರಹದಲ್ಲಿ ಹಣ್ಣಾಗೋ ದಿನದ ಮಾತೇ ಇರಲಿಲ್ಲ. ಬರೀ ಚಳಿ, ಚಳಿ, ಚಳಿ.

ಆದರೆ ನೆಲದ ಗಿಡದ ಕಾಯಿಗೆ ಹಿಮ ಬೀಳೋವರೆಗೂ ಕಾಯೋ ಭಾಗ್ಯವೂ ಇರಲಿಲ್ಲ, ಅವೂ ಉದುರಿದವು. ಕುಂಡದ ಗಿಡ ಆ ವರ್ಷ ಮೂವತ್ತೊಂದು ಕಾಯಿ ಬಿಟ್ಟು ಮೂವತ್ತೊಂದನ್ನೂ ಅದಾಗಲೇ ಉದುರಿಸಿತ್ತು.

ಆ ಉದುರಿದ ಕಾಯಿಗಳನ್ನ ನಾನು ಗುಡಿಸ್ತಿದ್ದಾಗ ಇಟಾಲಿಯನ್ ಅಜ್ಜ ವಾಕಿಂಗ್ ಬಂದರು. ಒಂದನ್ನ ಎತ್ತಿಕೊಂಡು, ಜೇಬಿನಿಂದ ಸಣ್ಣ ಚಾಕು ತೆಗೆದು, ಅಂಗೈ ಮೇಲೇ ಇಟ್ಟು ಉದ್ದಕ್ಕೆ ಸೀಳಿದರು. ಮೂಸಿದರು. ನನ್ನ ಮುಖ ನೋಡಿದರು. "ಇದಕ್ಕೆ ಹುಳ ಬೇಕಮ್ಮಾ. ನಿನ್ನ ಹತ್ತಿರ ಹುಳ ಇದೆಯಾ?"

ನನಗೆ ಅರ್ಥ ಆಗಲಿಲ್ಲ. ಅವರು ಕಟ್ಟೆ ಮೇಲೆ ಕೂತು ಹೇಳಿದರು. ಅವರ ಊರ ಕಡೆ ಗಂಡು ಅಂಜೂರದ ಕಾಯಿಗಳನ್ನ ಸರ ಮಾಡಿ ಹೆಣ್ಣು ಮರಕ್ಕೆ ನೇತು ಹಾಕ್ತಿದ್ದರಂತೆ. ಗಂಡು ಕಾಯಿಯೊಳಗಿಂದ ಸಾಸಿವೆಯಷ್ಟು ಸಣ್ಣ ಕಣಜದ ಹುಳ ಪರಾಗ ಮೆತ್ತಿಕೊಂಡು ಹೊರಟು ಹೆಣ್ಣು ಕಾಯಿಯ ತೂತಿನಲ್ಲಿ ನುಗ್ಗಬೇಕು. ಆಗಲೇ ಕಾಯಿ ನಿಲ್ಲೋದು. ಇಲ್ಲದಿದ್ದರೆ ಗೋಲಿ ಗಾತ್ರಕ್ಕೆ ಬಂದು ಉದುರೋದು. ಎಲ್ಲಾ ಅಂಜೂರಕ್ಕೂ ಹೀಗಿಲ್ಲ. ನಮ್ಮ ಕಡೆ ತೋಟದಲ್ಲಿ ಬೆಳೆಯೋದಕ್ಕೆ, ಅಜ್ಜನ ಬಕೆಟ್ ಗಿಡಕ್ಕೆ ಹುಳದ ಹಂಗಿಲ್ಲ. ಸ್ಮರ್ನಾ ಜಾತಿಯದಕ್ಕೆ ಬೇಕೇ ಬೇಕು. ಆ ಹುಳ ಕ್ಯಾಲಿಫೋರ್ನಿಯಾದಲ್ಲಿದೆ. ನ್ಯೂಜೆರ್ಸಿಯಲ್ಲಿ ಇಲ್ಲ, ನಮ್ಮ ಚಳಿಗೆ ಉಳಿಯಲ್ಲ.

ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಅಂತ ನಮ್ಮಲ್ಲಿ ಆಡಿಕೊಳ್ತೀವಲ್ಲ, ನನ್ನ ಪಾಲಿಗೆ ಹುಳ ಇಲ್ಲದ್ದೇ ಗ್ರಹಚಾರ.

ಆವತ್ತು ರಾತ್ರಿಯೆಲ್ಲ ಓದಿದೆ. ಕ್ಯಾಲಿಫೋರ್ನಿಯಾದಲ್ಲಿ ಹುಳ ಇರೋದರಿಂದ ಹಣ್ಣಿನಲ್ಲಿ ಬೀಜ ಕಟ್ಟುತ್ತೆ, ಹಕ್ಕಿ ತಿಂದು ಹಳ್ಳದ ದಡದಲ್ಲಿ ಹಾಕುತ್ತೆ, ಮರ ಹುಟ್ಟುತ್ತೆ. ಬೀಜದಿಂದ ಹುಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಗಂಡೇ. ಉಳಿದ ಹೆಣ್ಣಲ್ಲೂ ಹುಳ ಬೇಡುವಂಥವು ಬೇಕಾದಷ್ಟು. "ಹೊಸ ತಳಿ" ಅಂದರೆ ಇಷ್ಟೇ. ಬೀಜದಿಂದ ಎದ್ದ ಪ್ರತಿ ಗಿಡವೂ ಹೊಸ ತಳಿಯೇ, ಆ ಲೆಕ್ಕದಲ್ಲಿ ನಮ್ಮ ಬೀದಿ ನಾಯಿ ಹಾಕಿದ ಮರಿಯೆಲ್ಲ ಹೊಸ ತಳಿ. ತಮಾಷೆ ಅಂದರೆ ಈ ಪಾಠ ಕ್ಯಾಲಿಫೋರ್ನಿಯಾದವರು ನನಗಿಂತ ಎಷ್ಟೋ ಮೊದಲೇ ಕಲಿತಿದ್ದರು. 1880ರ ದಶಕದಲ್ಲಿ ಟರ್ಕಿಯ ಸ್ಮರ್ನಾ ಕಡೆಯಿಂದ ಗಿಡ ತರಿಸಿ ನೆಟ್ಟವರಿಗೆ ವರ್ಷಗಟ್ಟಲೆ ಕಾಯಿ ಉದುರಿತು, ಮೋಸದ ಗಿಡ ಕಳಿಸಿದ್ದಾರೆ ಅಂತ ಬೈದಾಡಿದರು. 1899ರಲ್ಲಿ ಫ್ರೆಸ್ನೋ ಹತ್ತಿರ ಆ ಹುಳ ನೆಲೆ ನಿಂತ ಮೇಲೆ ಹಣ್ಣು ಕಂಡರು. ಅಂದರೆ ಅಲ್ಲಿ ಅಂಜೂರ ಮಾರೋನಿಗೆ ಇದು ಗೊತ್ತಿಲ್ಲ ಅನ್ನೋ ಮಾತೇ ಇಲ್ಲ.

ಬೆಳಿಗ್ಗೆ ಮೆಸೇಜ್ ಹಾಕಿದೆ. ಇದು ಸ್ಮರ್ನಾ ಅಲ್ವಾ? ಹುಳ ಬೇಕು ಅಂತ ಯಾಕೆ ಹೇಳಲಿಲ್ಲ?

ಎರಡು ದಿನ ಉತ್ತರ ಇಲ್ಲ. ಆಮೇಲೆ ಬಂತು. "ಮೇಡಂ, ಹುಳ ಬೇಡ ಅಂತ ನಾನು ಎಲ್ಲೂ ಬರೆದಿಲ್ಲ."

ಗಮನಿಸಿ. ಮೇಡಂ! ಎರಡೂವರೆ ವರ್ಷದ ಅಕ್ಕ ಒಂದೇ ರಾತ್ರಿಗೆ ಮೇಡಂ ಆದೆ.

ಹಣ್ಣಾಗುತ್ತೆ ಅಂದಿದ್ದೆಯಲ್ಲಪ್ಪ ಅಂದೆ. "ನನ್ನ ಹತ್ತಿರ ಹಣ್ಣಾಗುತ್ತೆ ಅಂದಿದ್ದು. ನಿಮ್ಮ ಹತ್ತಿರ ಆಗುತ್ತೆ ಅಂತ ಎಲ್ಲಿ ಹೇಳಿದೀನಿ, ತೋರಿಸಿ." ಹಳೇ ಮೆಸೇಜುಗಳನ್ನ ಮೇಲಿನವರೆಗೆ ತಳ್ಳಿಕೊಂಡು ಹೋದೆ. ಅಡುಗೆಮನೆಯಲ್ಲಿ ನಿಂತೇ ಓದಿದೆ, ಕುಕ್ಕರ್ ಎಷ್ಟು ಕೂಗಿತೋ ಗೊತ್ತಿಲ್ಲ, ಬೇಳೆ ತಳ ಹಿಡಿದಿತ್ತು. ಅವನು ಹೇಳಿದ್ದು ನಿಜ. ಎಲ್ಲೂ ಹೇಳಿಲ್ಲ. "ಇಂಥಾ ಹಣ್ಣು ನೀವು ತಿಂದಿರಲ್ಲ ಅಕ್ಕಾ." "ಚಳಿಗೆ ಜಗ್ಗಲ್ಲ ಅಕ್ಕಾ." "ಸ್ನೋ ಬೀಳೋ ಜಾಗದಲ್ಲಿ ಸಿಕ್ಕಿದ್ದು ಅಕ್ಕಾ." ಒಂದೊಂದು ವಾಕ್ಯವನ್ನೂ ಅಳೆದು ಸುರಿದಿದ್ದ. ನಡುವಿನ ಖಾಲಿ ಜಾಗ ತುಂಬಿಸಿಕೊಂಡವಳು ನಾನು. ದುಡ್ಡು ಹೋಗಿದ್ದಕ್ಕಿಂತ ಆ ನಿಂತ ಹತ್ತು ನಿಮಿಷ ಈಗಲೂ ಚುಚ್ಚುತ್ತೆ. ಸುಳ್ಳು ಹೇಳಿ ಮೋಸ ಮಾಡಿದ್ದರೆ ಬೈಯಬಹುದಿತ್ತು.

ಅದಾದ ಮೇಲೆ ಇನ್ನೊಂದು ಮೆಸೇಜ್, ಇದನ್ನ ಓದಿ ನಗಬೇಡಿ. "ಬೇಕಿದ್ದರೆ ಗಂಡು ಮರದ ಪರಾಗ ಪ್ಯಾಕೆಟ್ ಕಳಿಸ್ತೀನಿ ಮೇಡಂ, ನೀವೇ ಸಿರಿಂಜಲ್ಲಿ ಕಾಯಿಯೊಳಗೆ ಊದಿ. 60 ಡಾಲರು." ಹಾಗೆ ಮಾಡೋರು ಇದಾರೆ, ಆಗುತ್ತೆ ಕೂಡ. ಆದರೆ 240 ಕೊಟ್ಟು ಕೊಂಡ ಗಿಡಕ್ಕೆ ನಾನೇ ಹುಳ ಆಗೋಕೆ ಮತ್ತೆ 60 ಕೊಡಬೇಕಂತೆ!

ದುಡ್ಡು ವಾಪಸ್ ಕೊಡು ಅಂದೆ. ಆಗ ಕನ್ನಡವೂ ಹೋಯ್ತು. "ಡಿಯರ್ ಕಸ್ಟಮರ್, ಆಲ್ ಸೇಲ್ಸ್ ಆರ್ ಫೈನಲ್." ಅಷ್ಟೇ. ಆಮೇಲೆ ಬ್ಲಾಕ್.

ಗುಂಪಲ್ಲಿ ಹೇಳೋಣ ಅಂದರೆ ಅಲ್ಲಿ ಅವನು ಎಲ್ಲರಿಗೂ ತಮ್ಮ, ಎಲ್ಲರಿಗೂ ಅಣ್ಣ. ಸುಮ್ಮನಿದ್ದೆ. ನಾಚಿಕೆಗೆ ಸುಮ್ಮನಿದ್ದೆ, ನಿಜ ಹೇಳಬೇಕೂಂದ್ರೆ. ಹೋದ ವಾರ ಆ ಕಪ್ಪು ಉಗುರು ಮತ್ತೆ ಕಾಣೋವರೆಗೆ.

ನೀವು ಚಳಿ ಊರಲ್ಲಿದ್ದು ಅಂಜೂರ ಬೇಕೇ ಬೇಕು ಅಂತಿದ್ದರೆ, ನಿಮ್ಮಷ್ಟೇ ಚಳಿ ಇರೋ, ಹುಳ ಇಲ್ಲದ ಊರಿನವರು ಬೆಳೆದು ತಿಂದಿದ್ದನ್ನ ಮಾತ್ರ ಕೊಳ್ಳಿ. ಚಿಕಾಗೋ ಹಾರ್ಡಿ ಇದೆ, ಬೇಗ ಹಣ್ಣಾಗೋ ರಾಂಡ್ ದ ಬೋರ್ಡೋ ಇದೆ, ಹಳೇ ಹೆಸರುಗಳು, ಯಾರೂ "ಅಕ್ಕಾ" ಅನ್ನಲ್ಲ, ಹಣ್ಣು ಬರುತ್ತೆ. ಹೊಸದೇ ಬೇಕು ಅನ್ನೋ ಹುಚ್ಚಿದ್ದರೆ, ಹುಳ ಇಲ್ಲದೆ ಕಾಯಿ ನಿಲ್ಲುತ್ತಾ, ಯಾವ ಊರಲ್ಲಿ, ಯಾವ ತಿಂಗಳಲ್ಲಿ ಹಣ್ಣಾಯ್ತು, ಈ ಮೂರನ್ನೂ ಬರಹದಲ್ಲಿ ಕೇಳಿ. "ಮರ ಇನ್ನೂ ಎಳೇದು, ಟ್ರಯಲ್‌ನಲ್ಲಿದೆ" ಅಂದರೆ ಟ್ರಯಲ್ ನಡೀತಿರೋದು ನಿಮ್ಮ ದುಡ್ಡಲ್ಲಿ.

ಆ ನೆಲದ ಗಿಡವನ್ನ ಹೋದ ಶನಿವಾರ ಕಿತ್ತೆ. ಆ ಜಾಗಕ್ಕೆ ಅಜ್ಜ ತಮ್ಮ ಗಿಡದ ಬೇರುಬಿಟ್ಟ ಕೊಂಬೆ ಒಂದನ್ನ ತಂದು ಕೊಟ್ಟರು, ಜೊತೆಗೆ ಹಿಡಿ ಮುರಿದ ಒಂದು ಬಕೆಟ್ಟನ್ನೂ.

ಇದೊಂದು ತುರ್ತು, ಗಡುವು ಇರೋದಕ್ಕೇ ಇವತ್ತೇ ಬರೀತಿದೀನಿ. ಆ ಕಪ್ಪು ಉಗುರಿನ ಕಡ್ಡಿಯನ್ನ ಈ ಚಳಿಗಾಲದಲ್ಲಿ ಯಾರಾದರೂ ಕೊಂಡಿದ್ದು, ನನ್ನ ಥರ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಹಾಕದೆ ಸರಿಯಾದ ದಾರಿಯಲ್ಲಿ ದುಡ್ಡು ಕಳಿಸಿದ್ದರೆ, ದೂರು ಕೊಡೋಕೆ ಸಾಮಾನ್ಯವಾಗಿ 180 ದಿನ ಇರುತ್ತೆ. ಕಾಯಿ ಉದುರೋದನ್ನ ನೋಡೋಕೆ ಎರಡು ವರ್ಷ ಬೇಕು. ಕಾಯಬೇಡಿ. ಇದು ಸ್ಮರ್ನಾನಾ ಅಂತ ಇವತ್ತೇ ಕೇಳಿ. ಮೇಡಂ ಅಂತ ಉತ್ತರ ಬಂದರೆ ದೂರು ಹಾಕಿ.