ದೊಡ್ಡ ಪರದೆಯ ಬಜೆಟ್ ಫೋನೋ, ಅಮೊಲೆಡ್ ಬಜೆಟ್ ಫೋನೋ: ಎರಡನ್ನೂ ಬಳಸಿ ನೋಡಿದ ಮೇಲೆ

ಬಜೆಟ್ ಫೋನ್ ಹುಡುಕುತ್ತಿರುವವರಿಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಪರದೆ ಎಷ್ಟು ಇಂಚು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮುಂಚೆ ಸ್ಟೋರೇಜ್ ಯಾವ ಬಗೆಯದು ಅಂತ ಕೇಳಿ. ಎಷ್ಟು ಜಿಬಿ ಅನ್ನೋದು ಎಲ್ಲ ಕಡೆ ದೊಡ್ಡದಾಗಿ ಬರೆದಿರುತ್ತದೆ, ಬಗೆ ಮಾತ್ರ ಹುಡುಕಿದರೆ ಸಿಗುತ್ತದೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದ ಎರಡು ಹೊಸ ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಎರಡಕ್ಕೂ ಅವೇ ಆ್ಯಪ್, ಅವೇ ಫೋಟೊ ಹಾಕಿ, ಒಂದೇ ಸಿಮ್ಮನ್ನು ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಬದಲಿಸುತ್ತಾ ಕೆಲವು ವಾರ ಬಳಸಿದೆ. ಎದ್ದು ಕಂಡ ವ್ಯತ್ಯಾಸ ಇದೇ.

ಒಂದು, ದೊಡ್ಡ ಪರದೆಯ ಫೋನ್. 6.88 ಇಂಚಿನ ಎಲ್‌ಸಿಡಿ (ಹಿಂದಿನಿಂದ ಬೆಳಕು ಬೀಳುವ ಪರದೆ), ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಪರದೆ ಚಿತ್ರ ಬದಲಿಸುವ ಲೆಕ್ಕ, 120 ಹರ್ಟ್ಸ್, ಆದರೆ ರೆಸಲ್ಯೂಶನ್ (ಪರದೆಯಲ್ಲಿರುವ ಪಿಕ್ಸೆಲ್ ಲೆಕ್ಕ) ಎಚ್‌ಡಿ ಪ್ಲಸ್ ಮಾತ್ರ. 4 ಜಿಬಿ ರ‍್ಯಾಮ್, 128 ಜಿಬಿ ಇಎಂಎಂಸಿ 5.1 (ಹಳೆಯ, ನಿಧಾನದ ಬಗೆ) ಸ್ಟೋರೇಜ್, 12 ನ್ಯಾನೊಮೀಟರ್ ಚಿಪ್ (ಈ ಸಂಖ್ಯೆ ಸಣ್ಣದಾದಷ್ಟೂ ಚಿಪ್ ತಯಾರಿಕೆ ಹೊಸದು). ಇನ್ನೊಂದು 6.67 ಇಂಚಿನ ಅಮೊಲೆಡ್ ಫೋನ್, ಅಂದರೆ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಪರದೆಯದು. ಅದೂ 120 ಹರ್ಟ್ಸ್, ಫುಲ್ ಎಚ್‌ಡಿ ಪ್ಲಸ್, 6 ಜಿಬಿ ರ‍್ಯಾಮ್, 128 ಜಿಬಿ ಯುಎಫ್‌ಎಸ್ 2.2 (ವೇಗದ ಬಗೆ) ಸ್ಟೋರೇಜ್, ಮೀಡಿಯಾಟೆಕ್‌ನ ಹೀಲಿಯೊ ಜಿ99 ಚಿಪ್. ಎರಡರಲ್ಲೂ 5000 ಎಂಎಎಚ್ ಆಸುಪಾಸಿನ ಬ್ಯಾಟರಿ, ಹಿಂದೆ 50 ಮೆಗಾಪಿಕ್ಸೆಲ್ ಕ್ಯಾಮೆರಾ. ಎರಡೂ 4ಜಿ. ಮಾಡೆಲ್ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಇವೇ ಭಾಗಗಳನ್ನು ಜೋಡಿಸಿದ ಫೋನುಗಳು ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇರುತ್ತವೆ. ಒಳಗೆ ಏನಿದೆ ಅಂತ ನೋಡಲು ಕಲಿತರೆ ಹೆಸರು ಯಾವುದಾದರೂ ನಡೆಯುತ್ತದೆ.

ಡಬ್ಬ ತೆರೆದ ಹೊಸದರಲ್ಲಿ ದೊಡ್ಡ ಫೋನೇ ಮನಸ್ಸಿಗೆ ಹಿಡಿಸುತ್ತದೆ. ಪರದೆ ನಿಜಕ್ಕೂ ದೊಡ್ಡದು, ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಖಾಲಿ ಫೋನ್ ಆದ್ದರಿಂದ ಎಲ್ಲವೂ ಸರಸರ ಜಾರುತ್ತದೆ. ಸೆಟ್ಟಿಂಗ್ಸ್ ತೆರೆದು ಮೇಲೆ ಕೆಳಗೆ ಎಳೆದಾಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೊದಲ ಸಲ ಕೈಗೆ ತೆಗೆದುಕೊಂಡಾಗ ನಾವು ನೋಡುವುದು ಇಷ್ಟೇ ಅಲ್ವಾ, ಹಾಗಾಗಿ ಆಗ ಮೂಡುವ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡಬೇಡಿ ಅಂತ ಒತ್ತಿ ಹೇಳುತ್ತೇನೆ. ಹಳೆಯ ಫೋನಿನ ಬ್ಯಾಕಪ್ ಇಳಿಸಿ, ನಿಮ್ಮ ಚಾಟ್, ಫೋಟೊ, ಬ್ಯಾಂಕ್ ಆ್ಯಪ್ ಎಲ್ಲ ಬಂದು ಕೂತ ಮೇಲೆ ಅದು ಹೇಗಿರುತ್ತದೋ ಅದೇ ನಿಮ್ಮ ಫೋನ್.

ಬ್ಯಾಕಪ್ ಇಳಿಸುವಾಗಲೇ ದಾರಿ ಬೇರೆಯಾಯಿತು. ಹಿಂದೆ ಆ್ಯಪ್‌ಗಳು ಇನ್‌ಸ್ಟಾಲ್ ಆಗುತ್ತಿದ್ದಾಗ ದೊಡ್ಡ ಫೋನಿನಲ್ಲಿ ಏನು ಮುಟ್ಟಿದರೂ ಒಂದು ಕ್ಷಣ ಸುಮ್ನೆ ನಿಂತು, ಆಮೇಲೆ ತೆರೆಯುತ್ತಿತ್ತು. ಕೀಬೋರ್ಡ್ ಮೇಲೆ ಬರುವುದೇ ತಡ, ಬಂದ ಮೇಲೆ ಮೊದಲ ಎರಡು ಅಕ್ಷರ ನುಂಗುವುದು ಬೇರೆ. ಅಮೊಲೆಡ್ ಫೋನಿನಲ್ಲಿ ಅದೇ ಹೊತ್ತಿನಲ್ಲಿ ನಾನು ಮೆಸೇಜ್ ಬರೆಯುತ್ತಿದ್ದೆ, ಬ್ರೌಸರ್ ನೋಡುತ್ತಿದ್ದೆ, ಹಿಂದೆ ಇನ್‌ಸ್ಟಾಲ್ ನಡೆಯುತ್ತಿದೆ ಅನ್ನೋದು ಮೇಲಿನ ಐಕಾನ್ ನೋಡಿದರಷ್ಟೇ ಗೊತ್ತಾಗುತ್ತಿತ್ತು. ಇದು ಮೊದಲ ದಿನದ ತೊಂದರೆ, ಆಮೇಲೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ಸರಿಹೋಗುವುದಿಲ್ಲ. ಆ್ಯಪ್ ಅಪ್‌ಡೇಟ್ ಆಗುವಾಗಲೆಲ್ಲ, ದೊಡ್ಡ ವಿಡಿಯೊ ಡೌನ್‌ಲೋಡ್ ಆಗುವಾಗಲೆಲ್ಲ ಅದೇ ತಡವರಿಕೆ ಮತ್ತೆ ಬರುತ್ತದೆ.

ಕಾರಣ ಸರಳ. ಇಎಂಎಂಸಿ 5.1 ಅನ್ನೋದು 2015ರಲ್ಲಿ ಬಂದ ಮಾನದಂಡ. ಅದರ ಸಂಪರ್ಕದ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ, ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಇಎಂಎಂಸಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ, ಓದುವಾಗ ಬರೆಯುವುದಿಲ್ಲ, ಬರೆಯುವಾಗ ಓದುವುದಿಲ್ಲ. ಒಂದೇ ಗಾಡಿ ಹಿಡಿಸುವ ಸೇತುವೆ ಇದ್ದ ಹಾಗೆ, ಆ ಕಡೆಯಿಂದ ಬರುವವರು ದಾಟುವವರೆಗೆ ಈ ಕಡೆಯವರು ಕಾಯಬೇಕು. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. 2020ರಲ್ಲಿ ಬಂದ 2.2 ಆವೃತ್ತಿಯಲ್ಲಿ ಬರೆಯುವ ವೇಗ ಹೆಚ್ಚಿಸುವ ವ್ಯವಸ್ಥೆಯೂ ಸೇರಿತು. ಓದುವ ವೇಗ ಸೆಕೆಂಡಿಗೆ 1000 ಎಂಬಿ ಹತ್ತಿರಕ್ಕೂ ಹೋಗುತ್ತದೆ. ಎರಡೂ ಡಬ್ಬದ ಮೇಲೆ ಇರುವುದು ಅದೇ 128 ಜಿಬಿ. ಕೊಳ್ಳುವವರಿಗೆ ಇದು ಗೊತ್ತೇ ಆಗದ ಹಾಗೆ ಬಚ್ಚಿಡುವುದು ನನಗೆ ಸಿಟ್ಟು ತರಿಸುತ್ತದೆ, ಯಾಕಂದ್ರೆ ಬಜೆಟ್ ಫೋನ್ ತೆಗೆದುಕೊಳ್ಳುವವರೇ ಅದನ್ನು ಜಾಸ್ತಿ ವರ್ಷ ಬಳಸಬೇಕಾಗುತ್ತದೆ.

ಇನ್ನು ರ‍್ಯಾಮ್. ದೊಡ್ಡ ಫೋನಿನಲ್ಲಿ "4+4" ಅಂತ ಬರೆದಿದ್ದರು. ಎರಡನೆಯ 4 ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಎರವಲು ಪಡೆದ ಜಾಗ. ಸ್ಟೋರೇಜ್ ಎಷ್ಟೇ ಚೆನ್ನಾಗಿದ್ದರೂ ರ‍್ಯಾಮ್ ವೇಗ ಅದಕ್ಕೆ ಬರುವುದಿಲ್ಲ, ಅದರಲ್ಲೂ ಇಎಂಎಂಸಿ ಆದರೆ ಕೇಳುವುದೇ ಬೇಡ, ಮೊದಲೇ ಕೆಲಸದ ಒತ್ತಡದಲ್ಲಿರುವ ಸ್ಟೋರೇಜಿಗೆ ಇನ್ನೊಂದು ಹೊರೆ ಹೊರಿಸಿದಂತೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿದ ಮೇಲೆ ದೊಡ್ಡ ಫೋನ್ ಸ್ವಲ್ಪ ಹಗುರವಾಗಿ ಓಡಿತು. ಆದರೂ ಬ್ರೌಸರ್‌ನಲ್ಲಿ ಅರ್ಧ ತುಂಬಿದ ಫಾರ್ಮ್ ಬಿಟ್ಟು, ಮೆಸೇಜ್‌ನಲ್ಲಿ ಬಂದ ಒಟಿಪಿ ನೋಡಿ ವಾಪಸ್ ಬರುವಷ್ಟರಲ್ಲಿ ಪುಟ ಮೊದಲಿನಿಂದ ಲೋಡ್ ಆಗುವುದು ತಪ್ಪಲಿಲ್ಲ. 4 ಜಿಬಿಯಲ್ಲಿ ದೊಡ್ಡ ಪಾಲನ್ನು ಆಂಡ್ರಾಯ್ಡೇ ತೆಗೆದುಕೊಂಡುಬಿಡುತ್ತದೆ, ಉಳಿದದ್ದು ಒಂದೆರಡು ಆ್ಯಪ್‌ಗೆ ಸಾಲುತ್ತದೆ. 6 ಜಿಬಿ ಇರುವ ಅಮೊಲೆಡ್ ಫೋನಿನಲ್ಲಿ ಈ ಕಾಟ ಅಪರೂಪಕ್ಕೆ ಬಂತು.

ಪರದೆ ವಿಷಯಕ್ಕೆ ಬರೋಣ. ಲೆಕ್ಕ ಹಾಕಿದರೆ ದೊಡ್ಡ ಫೋನಿನಲ್ಲಿ ಇಂಚಿಗೆ ಸುಮಾರು 260 ಪಿಕ್ಸೆಲ್, ಅಮೊಲೆಡ್‌ನಲ್ಲಿ ಸುಮಾರು 395. ವಿಡಿಯೊ ನೋಡುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಓದುವಾಗ ಗೊತ್ತಾಗುತ್ತದೆ, ಕನ್ನಡ ಓದುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಅಕ್ಷರಗಳ ಗುಂಡು ತಿರುವು, ಕೆಳಗೆ ಅಂಟಿಕೊಂಡ ಪುಟಾಣಿ ಒತ್ತಕ್ಷರ, ಇವೆಲ್ಲ ಮೂಡಲು ಪಿಕ್ಸೆಲ್ ಬೇಕು. ಫಾಂಟ್ ಸಣ್ಣದಾಗಿಟ್ಟುಕೊಂಡು ಉದ್ದ ಬರಹ ಓದಿದಾಗ ದೊಡ್ಡ ಫೋನಿನಲ್ಲಿ ಒತ್ತಕ್ಷರದ ಅಂಚು ಕಲಸಿದಂತೆ ಕಂಡು ಕಣ್ಣು ಬೇಗ ದಣಿಯಿತು. ಅಮೊಲೆಡ್‌ನಲ್ಲಿ ಅಚ್ಚಾದ ಹಾಗೆ ಚೊಕ್ಕ. ಕನ್ನಡದಲ್ಲಿ ತುಂಬಾ ಓದುವವರು ಬರಿ ಈ ಒಂದು ಕಾರಣಕ್ಕೂ ಎಚ್‌ಡಿ ಪ್ಲಸ್ ಬಿಟ್ಟು ಮುಂದೆ ಹೋಗಬಹುದು. ಫಾಂಟ್ ದೊಡ್ಡದು ಮಾಡಿಕೊಂಡೇ ಓದುವ ಹಿರಿಯರಿಗೆ ಮಾತ್ರ ದೊಡ್ಡ ಪರದೆಯೇ ಅನುಕೂಲ, ಅವರಿಗೆ ಈ ಪಿಕ್ಸೆಲ್ ಲೆಕ್ಕ ಬೇಕಾಗಿಲ್ಲ.

120 ಹರ್ಟ್ಸ್ ಎರಡರಲ್ಲೂ ಇದೆ ಅಂದೆನಲ್ಲ, ಇದ್ದ ಮಾತ್ರಕ್ಕೆ ಸಾಲದು. 120 ಹರ್ಟ್ಸ್ ಅಂದರೆ ಒಂದೊಂದು ಚಿತ್ರವನ್ನೂ ಸುಮಾರು 8.3 ಮಿಲಿಸೆಕೆಂಡಿನಲ್ಲಿ ಸಿದ್ಧ ಮಾಡಬೇಕು. 60 ಹರ್ಟ್ಸ್ ಆದರೆ 16.7 ಸಿಗುತ್ತದೆ. ಚಿಪ್‌ಗೆ ಅಷ್ಟು ತ್ರಾಣ ಇಲ್ಲದಿದ್ದರೆ ಮಧ್ಯೆ ಚಿತ್ರ ತಪ್ಪಿ ಪುಟ ಕುಪ್ಪಳಿಸುತ್ತದೆ. ದೊಡ್ಡ ಫೋನಿನಲ್ಲಿ ಫೋಟೊ, ವಿಡಿಯೊ ತುಂಬಿದ ಪುಟ ಸರಿಸುವಾಗ ಆದದ್ದು ಇದೇ. ಕೊನೆಗೆ 60ಕ್ಕೆ ಇಳಿಸಿಟ್ಟೆ. ವೇಗ ಕಡಿಮೆಯಾದರೂ ಒಂದೇ ಹದದಲ್ಲಿ ಹೋಗುವುದು ಕಣ್ಣಿಗೆ ಹಿತ, ಬ್ಯಾಟರಿಯೂ ಉಳಿಯುತ್ತದೆ.

ಬಿಸಿಲಿನಲ್ಲಿ ಅಮೊಲೆಡ್ ಸಲೀಸಾಗಿ ಕಂಡಿತು, ಎಲ್‌ಸಿಡಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಆದರೆ ಅಮೊಲೆಡ್‌ನಲ್ಲಿ ಎಲ್ಲವೂ ಒಳ್ಳೆಯದೇ ಅಂತ ತಿಳಿಯಬೇಡಿ. ಬೆಳಕು ಕಡಿಮೆ ಮಾಡಿದಾಗ ಎಷ್ಟೋ ಅಮೊಲೆಡ್ ಪರದೆಗಳು ಅತಿ ವೇಗವಾಗಿ ಆರಿ ಹತ್ತುತ್ತಾ ಮಂಕಾಗುವ ಕೆಲಸ ಮಾಡುತ್ತವೆ. ಕಣ್ಣಿಗೆ ನೇರವಾಗಿ ಕಾಣುವುದಿಲ್ಲ, ಆದರೆ ಕೆಲವರಿಗೆ ಕಣ್ಣು ನೋವು, ತಲೆನೋವು ಬರುತ್ತದೆ. ಕತ್ತಲೆಯಲ್ಲಿ ಬೆಳಕು ತೀರ ಇಳಿಸಿ ಓದುವ ಅಭ್ಯಾಸ ಇದ್ದವರು ಕೊಳ್ಳುವ ಮುಂಚೆ ಪರೀಕ್ಷಿಸಿ. ಫೋನಿನ ಬೆಳಕು ಕೆಳಗಿಳಿಸಿ, ಇನ್ನೊಂದು ಫೋನಿನ ಕ್ಯಾಮೆರಾದಿಂದ ನೋಡಿ, ಕಪ್ಪು ಪಟ್ಟಿಗಳು ಓಡಾಡಿದರೆ ಮಿನುಗು ಇದೆ ಅಂತ ಅರ್ಥ. ನಾನು ನೋಡಿದ ಅಮೊಲೆಡ್‌ನಲ್ಲಿ ಪಟ್ಟಿ ಕಂಡವು, ಎಲ್‌ಸಿಡಿಯಲ್ಲಿ ಕಾಣಲಿಲ್ಲ. ನನಗೆ ತೊಂದರೆಯಾಗಲಿಲ್ಲ, ನಿಮಗೆ ಆಗಬಹುದು. ಆದರೆ ಈ ಒಂದು ವಿಷಯದಲ್ಲಿ ಎಲ್‌ಸಿಡಿಯೇ ವಾಸಿ, ಬೇರೆ ಮಾತಿಲ್ಲ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಎರಡೂ 50 ಮೆಗಾಪಿಕ್ಸೆಲ್, ಎರಡೂ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತವೆ. ಹಗಲಲ್ಲಿ ಎರಡರ ಫೋಟೊನೂ ಚೆನ್ನ. ರಾತ್ರಿ ಎರಡೂ ಸಾಧಾರಣ, ಕೈ ಅಲುಗಿದರೆ ಮಸುಕು, ಯಾಕಂದ್ರೆ ಅಲುಗಾಟ ತಡೆಯುವ ಒಐಎಸ್ ಎರಡರಲ್ಲೂ ಇಲ್ಲ. 50ರ ಪಕ್ಕದಲ್ಲಿರುವ 2 ಮೆಗಾಪಿಕ್ಸೆಲ್ ಲೆನ್ಸ್‌ಗಳು ಎರಡರಲ್ಲೂ ನೋಟಕ್ಕಷ್ಟೇ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವ್ಯತ್ಯಾಸ ಇರುವುದು ಬಟನ್ ಒತ್ತಿದ ಮೇಲೆ. ದೊಡ್ಡ ಫೋನ್ ಫೋಟೊ ತೆಗೆದು ಸೇವ್ ಮಾಡಿ ಮುಂದಿನದಕ್ಕೆ ಸಿದ್ಧವಾಗುವಷ್ಟರಲ್ಲಿ ಓಡಾಡುವ ಮಗು ಫ್ರೇಮಿನಿಂದ ಆಚೆ ಹೋಗಿರುತ್ತದೆ.

ಈಗ ದೊಡ್ಡ ಫೋನಿನ ಪರವಾಗಿ ಹೇಳಬೇಕಾದದ್ದು, ಅದೂ ಕಡಿಮೆಯಿಲ್ಲ. ಅದರ ಫಿಂಗರ್‌ಪ್ರಿಂಟ್ ಪಕ್ಕದ ಪವರ್ ಬಟನ್‌ನಲ್ಲಿದೆ, ಬೆರಳು ಇಟ್ಟ ಕೂಡಲೇ ತೆರೆಯುತ್ತದೆ. ಅಮೊಲೆಡ್‌ನಲ್ಲಿ ಪರದೆಯ ಕೆಳಗಿದೆ, ಕೈ ಒದ್ದೆಯಿದ್ದರೆ ಮತ್ತೆ ಮತ್ತೆ ಒತ್ತಬೇಕು. ದೊಡ್ಡ ಫೋನಿನಲ್ಲಿ ಎರಡು ಸಿಮ್ ಹಾಕಿ ಮೆಮೊರಿ ಕಾರ್ಡಿಗೂ ಬೇರೆ ಜಾಗ ಇದೆ. ಅಮೊಲೆಡ್‌ನಲ್ಲಿ ಎರಡನೆಯ ಸಿಮ್ ಬೇಕೋ ಕಾರ್ಡ್ ಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಇನ್ನು ನನಗೆ ನಿಜವಾಗಿ ಬೇಸರ ತರಿಸಿದ್ದು ಕರೆ ಬಂದಾಗಿನ ಕಥೆ. ಅಮೊಲೆಡ್ ಫೋನಿನಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ (ಫೋನ್ ಕಿವಿಯ ಹತ್ತಿರ ಬಂದದ್ದನ್ನು ಗುರುತಿಸುವ ಭಾಗ) ಹಾರ್ಡ್‌ವೇರ್ ಆಗಿ ಇಲ್ಲ, ಸಾಫ್ಟ್‌ವೇರ್‌ನಿಂದ ಊಹಿಸುತ್ತದೆ. ಕಿವಿಗೆ ಹಿಡಿದಾಗ ಪರದೆ ಆರದೆ, ಕೆನ್ನೆ ತಾಗಿ ಮ್ಯೂಟ್ ಆಗುವುದು, ಕರೆ ಹೋಲ್ಡ್‌ಗೆ ಹೋಗುವುದು ಆಗಾಗ ನಡೆಯಿತು. ದಿನವಿಡೀ ಕರೆಯಲ್ಲೇ ಇರುವ ಕೆಲಸದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರಿಗೆ ನಾನು ದೊಡ್ಡ ಫೋನನ್ನೇ ಹೇಳುತ್ತೇನೆ.

ಬ್ಯಾಟರಿ ಎರಡರಲ್ಲೂ ದಿನಪೂರ್ತಿ ಬರುತ್ತದೆ. ಗೇಮ್ ಆಡಿದರೆ 12 ನ್ಯಾನೊಮೀಟರ್ ಚಿಪ್ ಬೇಗ ಬಿಸಿಯಾಯಿತು, 6 ನ್ಯಾನೊಮೀಟರ್‌ನ ಜಿ99 ತಣ್ಣಗಿತ್ತು. ಚಾರ್ಜಿಂಗ್‌ನಲ್ಲಿ ದೊಡ್ಡ ಫೋನಿಗೆ 18 ವ್ಯಾಟ್, ಅಮೊಲೆಡ್‌ಗೆ 33. 5000 ಎಂಎಎಚ್ ಅಂದರೆ ಸುಮಾರು 19 ವ್ಯಾಟ್ ಅವರ್. ಹಾಗಾಗಿ 18 ವ್ಯಾಟ್‌ನಲ್ಲಿ ಒಂದು ಗಂಟೆಯೊಳಗೆ ತುಂಬುವ ಮಾತೇ ಇಲ್ಲ, ಕೊನೆಯ ಭಾಗದಲ್ಲಿ ವೇಗ ತಾನಾಗಿ ಇಳಿಯುವುದರಿಂದ ಇನ್ನೂ ಹೊತ್ತು ಹಿಡಿಯುತ್ತದೆ. ರಾತ್ರಿ ಹಾಕಿ ಮಲಗುವವರಿಗೆ ಎರಡೂ ಒಂದೇ. ಹೊರಡುವ ಮುಂಚೆ ಅವಸರದಲ್ಲಿ ಹಾಕುವವರಿಗೆ 33 ಬೇಕು.

5ಜಿ ಬೇಡ್ವಾ ಅಂತ ಕೇಳುತ್ತೀರಿ. ಇದೇ ವರ್ಗದ ಒಂದು 5ಜಿ ಫೋನನ್ನೂ ಸ್ವಲ್ಪ ಕಾಲ ಬಳಸಿ ನೋಡಿದೆ, ಅದರಲ್ಲಿ ಡೈಮೆನ್ಸಿಟಿ 6100 ಪ್ಲಸ್ ಚಿಪ್ ಇತ್ತು. 5ಜಿ ಅಂದ ಕೂಡಲೇ ಫೋನೇ ವೇಗ ಅಂತ ಬಹಳ ಜನ ನಂಬಿದ್ದಾರೆ. ಆದರೆ ಹೀಲಿಯೊ ಜಿ99ರಲ್ಲಿ ಇರುವುದು 2.2 ಗಿಗಾಹರ್ಟ್ಸ್‌ನ ಎರಡು ಕಾರ್ಟೆಕ್ಸ್ ಎ76 ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), ಜೊತೆಗೆ ಆರು ಎ55 ಕೋರ್. 6100 ಪ್ಲಸ್‌ನಲ್ಲೂ ಇರುವುದು ಅವೇ. ಗ್ರಾಫಿಕ್ಸ್ ಎರಡರಲ್ಲೂ ಮಾಲಿ ಜಿ57. ನೆಟ್‌ವರ್ಕ್ ಬಿಟ್ಟು ಉಳಿದ ಕೆಲಸದಲ್ಲಿ ಕೈಗೆ ಎರಡೂ ಒಂದೇ ಥರ ಅನ್ನಿಸಿದ್ದು ಅದಕ್ಕೇ. ನೀವಿರುವ ಕಡೆ 5ಜಿ ಸಿಗ್ನಲ್ ಗಟ್ಟಿಯಾಗಿದ್ದು, ಇದೇ ಫೋನನ್ನು ಬಹಳ ವರ್ಷ ಇಟ್ಟುಕೊಳ್ಳುತ್ತೀರಾದರೆ 5ಜಿ ತೆಗೆದುಕೊಳ್ಳಿ. ಆಗಲೂ ಅದರ ಸ್ಟೋರೇಜ್ ಯುಎಫ್‌ಎಸ್ ಹೌದಾ ಅಂತ ನೋಡಿಯೇ ತೆಗೆದುಕೊಳ್ಳಿ.

ಎರಡಕ್ಕೂ ಸೇರಿ ಇರುವ ಒಂದು ಕಾಟ, ಬೇಡದ ಆ್ಯಪ್‌ಗಳು. ಸೆಟಪ್ ಮಾಡುವಾಗ ಅವಸರದಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಹತ್ತಾರು ಆ್ಯಪ್ ತಾವಾಗಿ ಇಳಿಯುತ್ತವೆ. ಪ್ರತಿ ಪುಟದಲ್ಲೂ ಟಿಕ್ ತೆಗೆದು ಮುಂದೆ ಹೋಗಿ. ಆಮೇಲೆ ಲಾಕ್ ಸ್ಕ್ರೀನ್ ಜಾಹೀರಾತು, ಸಲಹೆ ಅಂತ ಬರುವ ನೋಟಿಫಿಕೇಶನ್, ಎಲ್ಲ ಆಫ್ ಮಾಡಿ. ಇದನ್ನು ಮಾಡಿದ ಮೇಲೆ ದೊಡ್ಡ ಫೋನಿಗೆ ಆದ ಉಪಕಾರ ಅಮೊಲೆಡ್‌ಗಿಂತ ಜಾಸ್ತಿ, ಇರುವ 4 ಜಿಬಿಯಲ್ಲಿ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು.

ನಾನು ಇಟ್ಟುಕೊಂಡದ್ದು ಅಮೊಲೆಡ್ ಫೋನ್. ಕರೆ ಮಾಡುವಾಗ ಇಯರ್‌ಫೋನ್ ಹಾಕಿಕೊಳ್ಳುತ್ತೇನೆ, ಸೆನ್ಸರ್ ತೊಂದರೆ ಹಾಗೆ ಕಳೆಯುತ್ತದೆ. ದೊಡ್ಡ ಫೋನ್ ಅಪ್ಪನ ಕೈ ಸೇರಿತು. ಅವರು ಬಳಸುವುದು ಕರೆ, ವಿಡಿಯೊ, ಒಂದೆರಡು ಆ್ಯಪ್, ಫಾಂಟ್ ಅಂತೂ ದೊಡ್ಡದೇ ಬೇಕು, ಖುಷಿಯಾಗಿದ್ದಾರೆ. ನೀವು ಫೋನ್ ಕೈಗೆ ಬಂದ ಮೇಲೆ ಸ್ಟೋರೇಜ್ ಬಗೆ ತಿಳಿಯಬೇಕಾದರೆ ವೇಗ ಅಳೆಯುವ ಯಾವುದಾದರೂ ಉಚಿತ ಆ್ಯಪ್ ಹಾಕಿ ಸರಣಿ ಓದುವ ವೇಗ (ಆ್ಯಪ್‌ನಲ್ಲಿ ಸೀಕ್ವೆನ್ಶಿಯಲ್ ರೀಡ್ ಅಂತ ಇರುತ್ತದೆ) ನೋಡಿ. ಸೆಕೆಂಡಿಗೆ 300 ಎಂಬಿ ಆಸುಪಾಸಿನಲ್ಲಿ ನಿಂತರೆ ಇಎಂಎಂಸಿ ಇರುವ ಸಾಧ್ಯತೆಯೇ ಹೆಚ್ಚು, 400 ದಾಟಿ ಎಷ್ಟೋ ಮೇಲೆ ಹೋದರೆ ಯುಎಫ್‌ಎಸ್. ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆಯೇ ನೋಡಿಬಿಡಿ.